ಎಂಟು ನಿಮಿಷ ನಿಂತಳು, ನಕ್ಕಳು

ನಾನು ಗಣಿತ ಕಲಿಸುತ್ತಿದ್ದ ಹೈಸ್ಕೂಲಿಗೆ ಮೆಟ್ಟಿಲು ಒಂದೇ ಕಡೆ ಇತ್ತು. ಎಂಟನೆಯ ತರಗತಿ ಕೆಳಗೆ, ಒಂಬತ್ತು ಮತ್ತು ಹತ್ತು ಮೇಲೆ. ಇಪ್ಪತ್ತೆರಡು ಮೆಟ್ಟಿಲು, ನಡುವೆ ಒಂದು ತಿರುವು. ತಿರುವಿನಲ್ಲಿ ಕಿಟಕಿ ಇರಲಿಲ್ಲ, ಹಗಲಲ್ಲೂ ಮಬ್ಬು. ಗಂಟೆ ಹೊಡೆದ ಕೂಡಲೇ ಇಡೀ ಶಾಲೆ ಆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಹುಡುಗರು ಅಲ್ಲಿ ಒಂದು ಆಟ ಕಟ್ಟಿಕೊಂಡಿದ್ದರು. ಅದರ ಹೆಸರು ಬಸ್ಸಾಟ. ಒಬ್ಬ ಮೇಲಿನ ಮೆಟ್ಟಿಲಲ್ಲಿ ನಿಂತು ನಮ್ಮ ಕಡೆಯ ಬಸ್ಸಿನ ಕಂಡಕ್ಟರನಂತೆ "ದುಂಬು ಪೋಲೆ, ದುಂಬು ಪೋಲೆ" ಎಂದು ಕೂಗುವುದು, ಅಂದರೆ ಮುಂದೆ ಹೋಗಿ ಎಂದು. ಉಳಿದವರು ಹಿಂದಿನಿಂದ ಒತ್ತುವುದು. ಹುಡುಗಿಯರು ಗೋಡೆಗೆ ಅಂಟಿಕೊಂಡು, ಬ್ಯಾಗನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಕಂಡಕ್ಟರ್ "ರೈಟ್" ಎಂದರೆ ಆಟ ಮುಗಿಯಿತು. ಯಾರ ಕೈ ಎಲ್ಲಿಗೆ ಹೋಯಿತು ಎಂದು ಆಮೇಲೆ ಹುಣಸೆಮರದ ಕೆಳಗೆ ಹೇಳಿಕೊಂಡು ನಗುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಒಂಬತ್ತನೆಯ ತರಗತಿಯ ಒಬ್ಬಳ ಅಂಗಿಯ ತೋಳು ಭುಜದಿಂದ ಮೊಣಕೈವರೆಗೆ ಹರಿದ ದಿನ ಹೆಡ್‌ಮಾಸ್ಟ್ರು ನನ್ನನ್ನು ಕರೆದರು.

"ಶಿಸ್ತು ನಿಮ್ಮ ಕೈಯಲ್ಲಿ ಉಂಟಲ್ಲ ಮಾಸ್ಟ್ರೇ. ಇದನ್ನು ನಿಲ್ಲಿಸಿ. ಹೊರಗೆ ಹೋಗುವುದು ಬೇಡ."

"ಒಂದು ವಾರ ಕೊಡಿ" ಎಂದೆ.

ನಾನು ಬೆಳೆದದ್ದು ಮೂಡಬಿದಿರೆಯ ಒಂದು ಹಾಸ್ಟೆಲಿನಲ್ಲಿ. ಐದಕ್ಕೆ ಗಂಟೆ, ಐದೂಕಾಲಕ್ಕೆ ಬಾವಿಕಟ್ಟೆಯಲ್ಲಿ ಸಾಲು, ಐದೂಮುಕ್ಕಾಲಕ್ಕೆ ಪುಸ್ತಕ. ತಪ್ಪಿದವನ ಹೆಸರು ಹಲಗೆಯ ಮೇಲೆ. ನನ್ನ ಹೆಸರು ಆ ಹಲಗೆಯ ಮೇಲೆ ಒಮ್ಮೆಯೂ ಬರಲಿಲ್ಲ. ಸಾಲು ಮಾಡಿಸಿ, ಹೆಸರು ಬರೆಸಿದರೆ ಮನುಷ್ಯ ಸರಿಯಾಗುತ್ತಾನೆ ಎಂಬುದನ್ನು ನಾನು ಅಲ್ಲಿಂದ ಹೊತ್ತುಕೊಂಡು ಬಂದಿದ್ದೆ.

ಬಸ್ಸಾಟದಲ್ಲಿ ಮುಂದಿದ್ದವರು ಕಬಡ್ಡಿ ತಂಡದವರು ಎಂದು ನನಗೆ ಗೊತ್ತಿತ್ತು. ಅವರನ್ನೇ ಆರಿಸಿದೆ. ಹತ್ತು ಜನ. ಎಡತೋಳಿಗೆ ಕೆಂಪು ಪಟ್ಟಿ ಕಟ್ಟಿದೆ. ಶಿಸ್ತುಪಡೆ ಎಂದು ಹೆಸರಿಟ್ಟೆ. ಮೈದಾನದಲ್ಲಿ ನಿಲ್ಲಿಸಿ ಹೇಳಿದೆ: "ಈ ಶಾಲೆಯ ಹೆಣ್ಣುಮಕ್ಕಳು ನಿಮ್ಮ ಅಕ್ಕತಂಗಿಯರು. ಅವರನ್ನು ಕಾಯುವುದು ನಿಮ್ಮ ಕೆಲಸ." ಹತ್ತೂ ಜನ ಎದೆ ಮುಂದೆ ಮಾಡಿ ನಿಂತರು. ಇಡೀ ಶಾಲೆಗೆ ಶಾಲಾನಾಯಕನಾಗಿದ್ದವನೇ ಪಡೆಗೂ ನಾಯಕ. ಎತ್ತರದ ಹುಡುಗ, ಮಾತು ಕಡಿಮೆ, ಪರೀಕ್ಷೆಯ ದಿನ ಕಾಲು ಮುಟ್ಟಿ ನಮಸ್ಕಾರ ಮಾಡುವವನು. ನನ್ನ ಬ್ಯಾಗನ್ನು ಬಸ್‌ಸ್ಟ್ಯಾಂಡಿನಿಂದ ಹೊತ್ತುಕೊಂಡು ಬರುತ್ತಿದ್ದ. ನಾನು ಅವನನ್ನು ನಂಬಿದೆ.

ನಮ್ಮ ಶಾಲೆಯಲ್ಲಿ ಮೊದಲೇ ಒಂದು ಪುಸ್ತಕ ಇತ್ತು. ಶಾಲೆಯ ಒಳಗೆ ತುಳು ಮಾತಾಡಿದವರ ಹೆಸರನ್ನು ತರಗತಿಯ ಲೀಡರ್ ಅದರಲ್ಲಿ ಬರೆಯಬೇಕು. ಮನೆಯಲ್ಲಿ ತುಳು, ಬಸ್ಸಿನಲ್ಲಿ ತುಳು, ಕನಸಿನಲ್ಲೂ ತುಳು ಆಡುವ ಮಕ್ಕಳು ಗೇಟಿನ ಒಳಗೆ ಕಾಲಿಟ್ಟರೆ ಪುಸ್ತಕದ ಕನ್ನಡ ಮಾತಾಡಬೇಕಿತ್ತು. ಅದು ಆ ಊರುಗಳ ಎಲ್ಲ ಶಾಲೆಗಳ ಪದ್ಧತಿ, ನಾನು ಅದನ್ನು ಉಳಿದವರಿಗಿಂತ ಗಟ್ಟಿಯಾಗಿ ಹಿಡಿದಿದ್ದೆ. ಈಗ ಪಡೆಗೆ ಇನ್ನೊಂದು ಪುಸ್ತಕ ಕೊಟ್ಟೆ, ಕೆಂಪು ರಟ್ಟಿನದ್ದು. ನಾನೇ ಸ್ಕೇಲಿನಲ್ಲಿ ಗೆರೆ ಎಳೆದೆ. ದಿನಾಂಕ, ಸಮಯ, ಹೆಸರು, ತಪ್ಪು, ಸಹಿ. ಪ್ರತಿ ಶನಿವಾರ ಕೊನೆಯ ಗಂಟೆ ಆದ ಮೇಲೆ ನಾಯಕ ಪುಸ್ತಕ ತರುವುದು, ನಾನು ಓದಿ ಸಹಿ ಹಾಕುವುದು, ಸೋಮವಾರ ಪ್ರಾರ್ಥನೆಯಲ್ಲಿ ಹೆಸರಿದ್ದವರು ಎಲ್ಲರಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದು.

ಮೆಟ್ಟಿಲಲ್ಲಿ ಬಸ್ಸಾಟ ನಿಂತಿತು. ತಿರುವಿನ ಮೇಲೆ ಇಬ್ಬರು, ಕೆಳಗೆ ಇಬ್ಬರು ಕೆಂಪು ಪಟ್ಟಿಯವರು. ಗಂಟೆಯಾದರೆ ಮೊದಲು ಹುಡುಗಿಯರ ಸಾಲು, ಮೂರು ನಿಮಿಷ ಬಿಟ್ಟು ಹುಡುಗರ ಸಾಲು. ಹೆಡ್‌ಮಾಸ್ಟ್ರು ಹೊರಗೆ ಬಂದು ನಿಂತು ನೋಡಿ ಹೋದರು. ಬಂಟ್ವಾಳದಲ್ಲಿ ನಡೆದ ಶಿಕ್ಷಕರ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

ಪುಸ್ತಕದ ಮೊದಲ ಎರಡು ಪುಟಗಳಲ್ಲಿ ಹುಡುಗರ ಹೆಸರಿತ್ತು. ಸಾಲು ಮುರಿದ, ಓಡಿದ, ಶಿಳ್ಳೆ ಹಾಕಿದ. ಮೂರನೆಯ ಪುಟದಿಂದ ಹುಡುಗಿಯರ ಹೆಸರು ಬರತೊಡಗಿತು. ಜೋರಾಗಿ ನಕ್ಕಳು. ಹಿಂದೆ ತಿರುಗಿ ನೋಡಿದಳು. ಜಡೆಗೆ ಬಣ್ಣದ ರಿಬ್ಬನ್. ಬಸ್‌ಸ್ಟ್ಯಾಂಡಿನಲ್ಲಿ ಹುಡುಗನೊಂದಿಗೆ ಮಾತು. ಹುಡುಗಿಯರು ಸರಿಯಾಗಿದ್ದರೆ ಹುಡುಗರಿಗೆ ತಪ್ಪು ಮಾಡಲು ಕಾರಣವೇ ಇರುವುದಿಲ್ಲ ಎಂದು ನಾಯಕ ಒಮ್ಮೆ ಹೇಳಿದ. ನನಗೂ ಅದು ಲೆಕ್ಕಕ್ಕೆ ಸರಿ ಎನಿಸಿತು. ಓದಿದೆ, ಸಹಿ ಹಾಕಿದೆ, ಸೋಮವಾರ ನಿಲ್ಲಿಸಿದೆ. ದೀಪಾವಳಿ ರಜೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ಹುಡುಗಿಯರು ಮೆಟ್ಟಿಲಲ್ಲಿ ಮಾತೇ ಆಡುತ್ತಿರಲಿಲ್ಲ. ನಾನು ಅದನ್ನು ಶಿಸ್ತು ಎಂದುಕೊಂಡೆ.

ಹತ್ತನೆಯ ತರಗತಿಗೆ ನಾನೇ ಕ್ಲಾಸ್ ಮಾಸ್ಟ್ರು. ಅದರಲ್ಲಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗಿಯ ಬಗ್ಗೆ ಈ ಬರಹ. ವಾಮದಪದವಿನಿಂದ ಒಳಗೆ ಒಂದೂವರೆ ಮೈಲಿ ನಡೆದರೆ ಅವಳ ಮನೆ. ತಂದೆ ಇರಲಿಲ್ಲ. ತಾಯಿ ಬೀಡಿ ಕಟ್ಟುತ್ತಿದ್ದಳು, ರಜೆಯಲ್ಲಿ ಮಗಳೂ ಕಟ್ಟುತ್ತಿದ್ದಳು. ಬೆರಳ ತುದಿ ತಂಬಾಕಿನಿಂದ ಕಂದಾಗಿರುತ್ತಿತ್ತು. ಬೋರ್ಡಿನ ಮೇಲೆ ರೇಖಾಗಣಿತದ ಪ್ರಮೇಯ ಬರೆದರೆ ನನಗಿಂತ ಒಂದು ಹೆಜ್ಜೆ ಕಡಿಮೆಯಲ್ಲಿ ಬಿಡಿಸುತ್ತಿದ್ದಳು. ಎಸ್‌ಎಸ್‌ಎಲ್‌ಸಿ ಪಾಸಾಗಿ ಟಿಸಿಎಚ್ ಮಾಡಿ ಟೀಚರ್ ಆಗುತ್ತೇನೆ ಎಂದು ತರಗತಿಯಲ್ಲಿ ಎದ್ದು ನಿಂತು ಹೇಳಿದ್ದಳು. ಆ ತರಗತಿಯಲ್ಲಿ ಯಾರಾದರೂ ಹೇಳಿದ್ದನ್ನು ಮಾಡಿ ತೋರಿಸುವವರಿದ್ದರೆ ಅದು ಅವಳೇ ಎಂದು ನನಗೆ ಸಂಶಯವಿರಲಿಲ್ಲ.

ಕ್ರಿಸ್‌ಮಸ್ ರಜೆ ಕಳೆದ ಮೇಲೆ ಒಂದು ಗುರುವಾರ, ಮಧ್ಯಾಹ್ನ ಒಂದೂಕಾಲು. ನಾನು ಊಟ ಮುಗಿಸಿ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಅವಳು ಬಾಗಿಲಲ್ಲಿ ಬಂದು ನಿಂತಳು. ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಳು.

"ಸಾರ್, ಆಯೆ ಎನನ್…"

ಅವನು ನನ್ನನ್ನು ಎಂದು ಅರ್ಥ. ತುಳು ನನ್ನ ಮನೆಮಾತೂ ಹೌದು.

"ಕನ್ನಡದಲ್ಲಿ ಹೇಳು" ಎಂದೆ. ಪೆನ್ನು ಕೆಳಗಿಡಲಿಲ್ಲ.

"ಮೆಟ್ಟಿಲಲ್ಲಿ ಸಾರ್. ಅವನು ನನಗೆ… ತೊಂದರೆ ಕೊಟ್ಟ."

"ಯಾರು?"

ಅವಳು ನನ್ನ ಮೇಜಿನ ತುದಿಯಲ್ಲಿದ್ದ ಕೆಂಪು ರಟ್ಟಿನ ಪುಸ್ತಕದ ಕಡೆ ನೋಡಿದಳು. "ಲೀಡರ್."

"ಏನು ತೊಂದರೆ?"

"ಅದು…" ಎಂದು ನಿಂತಳು. ಮತ್ತೆ ತುಳುವಿನಲ್ಲಿ ಎರಡು ಶಬ್ದ ಬಂತು.

"ಶಾಲೆಯ ನಿಯಮ ಗೊತ್ತುಂಟಲ್ಲ? ವಾಕ್ಯ ಮಾಡಿ ಹೇಳು. ಏನು ಮಾಡಿದ, ಎಷ್ಟು ಗಂಟೆಗೆ, ಯಾರು ನೋಡಿದರು."

ಅವಳಿಗೆ ಬರುತ್ತಿದ್ದ ಕನ್ನಡ ನಾವು ಕಲಿಸಿದ ಕನ್ನಡ. ಅದರಲ್ಲಿ ನಾಡು, ನುಡಿ, ಜಲಚಕ್ರ, ಪಂಚವಾರ್ಷಿಕ ಯೋಜನೆ ಎಲ್ಲ ಇತ್ತು. ಒಬ್ಬ ಹುಡುಗ ಕತ್ತಲೆಯ ತಿರುವಿನಲ್ಲಿ ಬಾಯಿ ಮುಚ್ಚಿ ಗೋಡೆಗೆ ಒತ್ತಿದರೆ ಅದನ್ನು ಹೇಳುವ ಮಾತನ್ನು ನಾವು ಯಾರೂ ಅವಳಿಗೆ ಕೊಟ್ಟಿರಲಿಲ್ಲ. ಆ ಮಾತು ಇದ್ದದ್ದು ತುಳುವಿನಲ್ಲಿ, ಅದನ್ನು ನಾನು ಬಾಗಿಲಲ್ಲೇ ತಡೆದಿದ್ದೆ.

ಅವಳು ನಿಂತೇ ಇದ್ದಳು. ನನಗೆ ತಿದ್ದಲು ಇನ್ನೂ ಒಂದು ಕಟ್ಟು ಪೇಪರ್ ಇತ್ತು.

"ಬರೆದು ತಾ" ಎಂದೆ. "ಕನ್ನಡದಲ್ಲಿ, ತಪ್ಪಿಲ್ಲದೆ, ದಿನಾಂಕ ಹಾಕಿ. ನಾಳೆ ನೋಡುವ."

"ಆಯ್ತು ಸಾರ್" ಎಂದು ಹೋದಳು. ಬರೆದು ತರಲಿಲ್ಲ. ನಾನೂ ಕೇಳಲಿಲ್ಲ.

ಶನಿವಾರ ನಾಯಕ ಪುಸ್ತಕ ತಂದಿಟ್ಟ. ಅವಳ ಹೆಸರು ಎರಡು ಸಲ ಇತ್ತು. ಒಂದು: ಗುರುವಾರ, ಮಧ್ಯಾಹ್ನ, ಶಿಕ್ಷಕರ ಕೊಠಡಿಯ ಎದುರು ತುಳು ಮಾತಾಡಿದಳು. ಇನ್ನೊಂದು: ಗುರುವಾರ, ಸಂಜೆ, ಬಸ್‌ಸ್ಟ್ಯಾಂಡಿನ ಬ್ಯಾರಿ ಅಂಗಡಿಯ ಒಳಗೆ ಎಂಟು ನಿಮಿಷ ನಿಂತಳು, ನಕ್ಕಳು. ಬ್ಯಾರಿ ಎಂದರೆ ನಮ್ಮ ಕಡೆಯ ಮುಸ್ಲಿಮರು.

"ಎಂಟು ನಿಮಿಷ ಅಂತ ಹೇಗೆ ಗೊತ್ತು?" ಎಂದು ಕೇಳಿದೆ.

"ವಾಚು ನೋಡಿದ್ದು ಸಾರ್. ನೀವೇ ಹೇಳಿದ್ದಲ್ವಾ, ಸಮಯ ಸರಿಯಾಗಿ ಬರೀಬೇಕು ಅಂತ."

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಸಹಿ ಹಾಕಿದೆ. ಸೋಮವಾರ ಅವಳು ಗೋಡೆಗೆ ಮುಖ ಮಾಡಿ ನಿಂತಳು. ಹಿಂದೆ ಸಾಲಾಗಿ ನಿಂತ ಹುಡುಗರಲ್ಲಿ ಒಬ್ಬ ಮೆಲ್ಲಗೆ "ರೈಟ್" ಎಂದ. ಇಡೀ ಸಾಲು ಕಿಸಕ್ಕೆಂದಿತು. ಯಾರು ಎಂದು ಕೇಳಿದೆ, ಪಡೆಯವರು ಗೊತ್ತಿಲ್ಲ ಎಂದರು.

ಮರುದಿನ ಹತ್ತೂವರೆಗೆ ಅವಳ ಸೋದರಮಾವ ಬಂದ. ಅವರ ಮನೆಯಲ್ಲಿ ಮಾತು ಮಾವನದ್ದು, ಅದು ಅವರ ಕುಟುಂಬದ ಪದ್ಧತಿ. ನಾರಾವಿಯಲ್ಲಿ ಅವನಿಗೆ ಹೋಟೆಲು. ಬಿಳಿ ಪಂಚೆ, ಬಿಳಿ ಶರ್ಟು, ಕಿಸೆಯಲ್ಲಿ ಮಡಚಿದ ಕಾಗದ. ಕೆಂಪು ಪುಸ್ತಕದ ಆ ಪುಟವನ್ನು ಯಾರೋ ಅಕ್ಷರ ಅಕ್ಷರ ನಕಲು ಮಾಡಿ ಅವನಿಗೆ ಮುಟ್ಟಿಸಿದ್ದರು. ಸಹಿಯ ಜಾಗದಲ್ಲಿ ನನ್ನ ಹೆಸರನ್ನೂ ಬರೆದಿದ್ದರು. ಆ ಅಕ್ಷರ ಯಾರದ್ದೆಂದು ನನಗೆ ಗೊತ್ತಾಯಿತು, ನಾಯಕನ ಉತ್ತರಪತ್ರಿಕೆಗಳನ್ನು ಮೂರು ವರ್ಷ ತಿದ್ದಿದ್ದೆ.

ಹುಡುಗಿಯನ್ನು ತರಗತಿಯಿಂದ ಕರೆಸಿದರು. ಅವಳು ಹೆಡ್‌ಮಾಸ್ಟ್ರ ಕೋಣೆಯ ಬಾಗಿಲ ಬಳಿ ನಿಂತಳು.

"ಮಾಸ್ಟ್ರೇ, ಇದು ನಿಜವಾ?" ಎಂದು ಮಾವ ಕೇಳಿದ. ಸಿಟ್ಟಿರಲಿಲ್ಲ. ಹೋಟೆಲಿನಲ್ಲಿ ಗಿರಾಕಿಯನ್ನು ಎಂತ ಬೇಕು ಎಂದು ಕೇಳುವ ಹಾಗೆ ಕೇಳಿದ.

ಅವಳು ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ನನಗೆ ಗೊತ್ತಿಲ್ಲ, ವಿಚಾರಿಸುತ್ತೇನೆ ಎಂದಿದ್ದರೂ ಸಾಕಿತ್ತು. ಆದರೆ ಸಹಿ ನನ್ನದು. ಸಹಿ ಹಾಕಿದ್ದನ್ನು ಇಲ್ಲ ಎನ್ನುವುದು ನನ್ನ ಹಾಸ್ಟೆಲಿನಲ್ಲಿ ಇರಲಿಲ್ಲ.

"ಪುಸ್ತಕದಲ್ಲಿ ಇದ್ದರೆ ಇದೆ" ಎಂದೆ.

"ನಾನು ನಗಲಿಲ್ಲ ಮಾವ" ಎಂದಳು. ಕನ್ನಡದಲ್ಲಿ, ಸ್ಪಷ್ಟವಾಗಿ. ಆ ದಿನ ಅವಳು ಆಡಿದ್ದು ಅಷ್ಟೇ.

"ನಕ್ಕದ್ದು ಬಿಡು. ಆ ಅಂಗಡಿಯಲ್ಲಿ ನಿನಗೆಂತ ಕೆಲಸ?" ಮಾವ ಹೆಡ್‌ಮಾಸ್ಟ್ರ ಕಡೆ ತಿರುಗಿದ. "ಟೀಸಿ ಕೊಡಿ ಸಾರ್. ಕಲಿತದ್ದು ಸಾಕು. ಇನ್ನು ಮೂರು ತಿಂಗಳು ಬಿಟ್ಟರೆ ನಾಳೆ ನಾವು ತಲೆ ಎತ್ತಿ ಹೋಗ್ಲಿಕ್ಕುಂಟಾ?"

ಹೆಡ್‌ಮಾಸ್ಟ್ರು ಸ್ವಲ್ಪ ಹೇಳಿ ನೋಡಿದರು. ಹನ್ನೊಂದೂಕಾಲಕ್ಕೆ ಟೀಸಿ ತಯಾರಾಯಿತು. ನಡತೆಯ ಕಾಲಂ ತುಂಬುವುದು ಕ್ಲಾಸ್ ಮಾಸ್ಟ್ರ ಕೆಲಸ. ಪುಸ್ತಕದಲ್ಲಿ ಎರಡು ಸಲ ಹೆಸರು ಬಂದವರಿಗೆ ಏನು ಬರೆಯಬೇಕೆಂದು ನಾನೇ ನಿಯಮ ಮಾಡಿದ್ದೆ. ತೃಪ್ತಿಕರವಲ್ಲ ಎಂದು ಬರೆದೆ. ದಾಖಲೆ ಪುಸ್ತಕದಲ್ಲೂ ಹಾಗೇ ಬರೆದೆ. ಅವಳು ಬ್ಯಾಗು ತರಲು ಮೇಲೆ ಹೋದಳು, ಎದೆಗೆ ಅವಚಿಕೊಂಡು ಗೋಡೆ ಬದಿಯಿಂದ ಇಳಿದಳು. ತಿರುವಿನಲ್ಲಿ ಕೆಂಪು ಪಟ್ಟಿ ಕಟ್ಟಿಕೊಂಡು ನಾಯಕ ನಿಂತಿದ್ದ. ದಾರಿ ಬಿಟ್ಟ.

ಹದಿನೈದು ದಿನ ಕಳೆದು ನಾನು ಕೆಂಪು ರೀಫಿಲ್ಲಿಗೆಂದು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋದೆ. ಅಂಗಡಿಯವರು ಅರುವತ್ತು ದಾಟಿದ ಬ್ಯಾರಿ, ಇಬ್ಬರು ಮಕ್ಕಳು ಗಲ್ಫಿನಲ್ಲಿ. ರೀಫಿಲ್ ಕೈಗೆ ಕೊಡದೆ ಗಲ್ಲೆಯ ಮೇಲೆ ಇಟ್ಟರು.

"ಆ ಹುಡುಗಿ ಶಾಲೆಗೆ ಬರುವುದಿಲ್ವಂತೆ, ಹೌದಾ ಮಾಸ್ಟ್ರೇ?"

"ಹೌದು."

"ಅವಳು ನಗಲಿಲ್ಲ. ಅಳ್ತಾ ಇದ್ದದ್ದು. ನಿಮ್ಮ ಆ ಪಟ್ಟಿ ಕಟ್ಟಿದವನು ಉಂಟಲ್ಲ, ಉದ್ದದವನು, ಅವನು ಬಸ್ಸಿನ ಬಾಗಿಲಲ್ಲಿ ನಿಂತಿದ್ದ. ಕಾಕಾ, ಆ ಬಸ್ಸು ಹೋಗುವವರೆಗೆ ಒಳಗೆ ನಿಲ್ತೇನೆ ಅಂತ ಕೇಳಿದಳು. ನಿಲ್ಲು ಮಗಳೇ ಅಂದೆ. ಎಂಟು ನಿಮಿಷ ಅಲ್ಲ, ಹತ್ತು ಇರಬಹುದು. ಅದನ್ನೂ ಬರ್ಕೊಳ್ಳಿ."

ಆ ಸಂಜೆ ನಾಲ್ಕೂವರೆಗೆ ಹತ್ತು ಜನರನ್ನು ಮೈದಾನದಲ್ಲಿ ಸಾಲು ನಿಲ್ಲಿಸಿದೆ. ಆ ಗುರುವಾರ ಮೆಟ್ಟಿಲಲ್ಲಿ ಏನಾಯಿತು ಎಂದು ಕೇಳಿದೆ. ನಾಯಕ ನೇರ ನೋಡುತ್ತಿದ್ದ. ಉಳಿದವರು ನೆಲ ನೋಡಿದರು. ಕೊನೆಯಲ್ಲಿದ್ದವನ ಗಲ್ಲ ಹಿಡಿದು ಎತ್ತಿದೆ. ಅವನು ಹೇಳಿದ. ಇಬ್ಬರು ತಿರುವಿನ ಮೇಲೆ, ಇಬ್ಬರು ಕೆಳಗೆ ನಿಂತು ಯಾರೂ ಬಾರದಂತೆ ದಾರಿ ಕಾದಿದ್ದರು. ಹುಡುಗಿಯರನ್ನು ಕಾಯಲೆಂದು ನಾನು ನಿಲ್ಲಿಸಿದ ಅದೇ ಜಾಗಗಳಲ್ಲಿ.

"ಯಾರೆಲ್ಲ ನೋಡಿದಿರಿ?"

"ಎಲ್ಲರೂ ಸಾರ್."

"ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅವನು ನಮ್ಮವನಲ್ವಾ ಸಾರ್?"

ನಾನು ಆಗ ಹುಡುಗಿಯ ಮನೆಗೆ ಹೋಗಿ ಮಾವನ ಮುಂದೆ ನಿಂತು ತಪ್ಪು ನನ್ನದು ಎನ್ನಬೇಕಿತ್ತು. ಹೋಗಲಿಲ್ಲ. ನನಗೆ ಗೊತ್ತಿದ್ದದ್ದನ್ನು ಮಾಡಿದೆ. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ನಾಯಕನನ್ನು ಜಗಲಿಯ ಮೇಲೆ ಕರೆದು, ಕೈಯ ಪಟ್ಟಿ ಬಿಚ್ಚಿಸಿ, ಬೆತ್ತ ಮುರಿಯುವವರೆಗೆ ಹೊಡೆದೆ. ಕಾರಣ ಹೇಳಲಿಲ್ಲ. ಹೇಳದೆ ಇದ್ದದ್ದು ಹುಡುಗಿಯ ಮಾನ ಉಳಿಯಲಿ ಎಂದು. ಅವನು ಒಮ್ಮೆಯೂ ಕೂಗಲಿಲ್ಲ, ಕಾಲು ಮುಟ್ಟಿ ನಮಸ್ಕಾರ ಮಾಡಿ ಸಾಲಿಗೆ ಹೋದ.

ಕಾರಣ ಹೇಳದಿದ್ದರೆ ಮಕ್ಕಳು ಹುಡುಕಿಕೊಳ್ಳುತ್ತಾರೆ. ಮಧ್ಯಾಹ್ನದೊಳಗೆ ಇಡೀ ಶಾಲೆಗೆ ಗೊತ್ತಾಯಿತು. ಮೂರನೆಯ ದಿನ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಮಸಿಯಿಂದ ಅವಳ ಹೆಸರು, ಪಕ್ಕದಲ್ಲಿ ಅವನ ಹೆಸರು, ಕೆಳಗೆ ಒಂದು ಚಿತ್ರ. ಶಾಲೆ ಬಿಟ್ಟು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವಳನ್ನು ಎಳೆದು ತಂದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದವನು ನಾನು.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಅರ್ಜಿಗಳು ಟೀಸಿಗಿಂತ ಮೊದಲೇ ಹೋಗಿದ್ದವು. ಹಾಗಾಗಿ ಅವಳ ಹಾಲ್‌ಟಿಕೆಟ್ ಬಂತು. ಅದನ್ನು ತೆಗೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ.

"ಪರೀಕ್ಷೆಗೆ ಕಳಿಸಿ" ಎಂದೆ. "ಫಸ್ಟ್ ಕ್ಲಾಸ್ ಬರ್ತಾಳೆ. ನಾನು ಕರ್ಕೊಂಡು ಹೋಗಿ ಕರ್ಕೊಂಡು ಬರ್ತೇನೆ."

"ನೀವಾ?" ಎಂದಳು. ಕತ್ತರಿ ನಿಲ್ಲಲಿಲ್ಲ. "ನೀವು ಅವನಿಗೆ ಹೊಡೆಯುವ ಮೊದಲು ನಾಲ್ಕು ಜನಕ್ಕೆ ಗೊತ್ತಿತ್ತು ಮಾಸ್ಟ್ರೇ. ಈಗ ಬೆಳ್ತಂಗಡಿಯವರೆಗೆ ಗೊತ್ತುಂಟು. ಅಣ್ಣ ಗಂಡು ನೋಡಿ ಆಯ್ತು. ಹೆಂಡತಿ ತೀರಿಕೊಂಡವನು. ಅವನು ಒಪ್ಪಿದ್ದೇ ದೊಡ್ಡದು."

"ಹದಿನಾರು ವರ್ಷದ ಮಗು ಅದು."

"ಹೌದು. ಆ ಮಗುವಿನ ನಡತೆ ಸರಿ ಇಲ್ಲಾಂತ ಬರ್ದದ್ದು ಯಾರು?"

ಹಾಲ್‌ಟಿಕೆಟನ್ನು ತೆಗೆದುಕೊಂಡು ಮೊರದಡಿಗೆ ಸರಿಸಿದಳು. ಒಳಗೆ ಬಾಗಿಲ ಹಿಂದೆ ಯಾರೋ ಉಸಿರು ಹಿಡಿದು ನಿಂತದ್ದು ನನಗೆ ತಿಳಿಯಿತು. ಕರೆಯಲಿಲ್ಲ. ಪರೀಕ್ಷೆಯ ಆರೂ ದಿನ ಅವಳ ನಂಬರ್ ಬರೆದ ಡೆಸ್ಕು ಖಾಲಿ ಇತ್ತು. ನಾಯಕ ಅದೇ ಕೋಣೆಯಲ್ಲಿ ಬರೆದ, ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಅವನ ಟೀಸಿಯಲ್ಲಿ ನಡತೆ ಉತ್ತಮ ಎಂದಿದೆ. ಪುಸ್ತಕದಲ್ಲಿ ಅವನ ಹೆಸರು ಒಮ್ಮೆಯೂ ಬಂದಿರಲಿಲ್ಲ, ನಿಯಮದ ಪ್ರಕಾರ ಬೇರೆ ಬರೆಯುವ ಹಾಗಿರಲಿಲ್ಲ.

ಪಡೆಯನ್ನು ಬರ್ಖಾಸ್ತು ಮಾಡಿದೆ. ಆದರೆ ಹೊರಗಿನವರಿಗೆ ಅದು ಒಳ್ಳೆಯ ಪ್ರಯೋಗವಾಗಿಯೇ ಉಳಿಯಿತು. ವರ್ಷಗಳು ಕಳೆದು, ಎರಡು ಸಾವಿರದ ನಂತರ, ಬೆಳ್ತಂಗಡಿಯಲ್ಲಿ ಶಿಕ್ಷಕರಿಗೆ ಒಂದು ತರಬೇತಿ ನಡೆಯಿತು. ಶಾಲೆಗಳಲ್ಲಿ ಹೆಣ್ಣುಮಕ್ಕಳ ಮೇಲಿನ ಕಿರುಕುಳ ತಡೆಯುವುದರಲ್ಲಿ ಹುಡುಗರ ಪಾತ್ರ ಎಂಬುದು ವಿಷಯ. ಅನುಭವಸ್ಥ ಎಂದು ನನ್ನನ್ನು ಕರೆದರು. ನಾನು ಹೋದೆ. ಪಡೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಮೆಟ್ಟಿಲು, ಸಾಲು, ಮೂರು ನಿಮಿಷದ ಅಂತರ. ಅವಳ ವಿಷಯ ಹೇಳಲಿಲ್ಲ. ತರಬೇತಿ ಕೊಡಲು ಬಂದಿದ್ದ ಹೆಂಗಸು ನನ್ನ ಮಗಳ ವಯಸ್ಸಿನವಳು. ಕೊನೆಗೆ ಕೇಳಿದಳು: "ಸರ್, ಆ ಪುಸ್ತಕದಲ್ಲಿ ಪಡೆಯ ಹುಡುಗರ ಹೆಸರನ್ನು ಯಾರು ಬರೀತಾ ಇದ್ದರು?"

ಸಭೆಯಲ್ಲಿದ್ದ ಮಾಸ್ಟ್ರುಗಳು ನಕ್ಕರು. ನಾನು ಕುಳಿತುಕೊಂಡೆ.

ಆಮೇಲೆ ಶನಿವಾರದ ಕೊನೆಯ ಪಿರಿಯಡ್ ಒಂಬತ್ತು, ಹತ್ತನೆಯ ತರಗತಿಯ ಹುಡುಗರನ್ನು ಮಾತ್ರ ಕೂರಿಸಲು ಶುರು ಮಾಡಿದೆ. ಪುಸ್ತಕ ಇಲ್ಲ, ಪೆನ್ನು ಇಲ್ಲ, ಪಟ್ಟಿ ಇಲ್ಲ. ತುಳು, ಬ್ಯಾರಿ, ಕೊಂಕಣಿ, ಯಾವ ಮಾತಾದರೂ ಸರಿ. ಬೇರೆಯವರ ತಪ್ಪು ಹೇಳುವ ಹಾಗಿಲ್ಲ. ತಾನು ಏನು ಮಾಡಿದ, ಏನು ನೋಡಿ ಸುಮ್ಮನಿದ್ದ, ಅಷ್ಟನ್ನೇ ಹೇಳಬೇಕು. ಎರಡು ತಿಂಗಳು ಯಾರೂ ಬಾಯಿ ಬಿಡಲಿಲ್ಲ. ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವಿದುಕೊಂಡು ಕುಳಿತರು. ಮಳೆಗಾಲದಲ್ಲಿ ಒಬ್ಬ ಎದ್ದು, ಬಸ್ಸಿನಲ್ಲಿ ಒಬ್ಬಳ ಶಾಲು ಎಳೆದದ್ದನ್ನು ನೋಡಿದೆ, ನಾನೂ ನಕ್ಕೆ ಎಂದ. "ಎಂತಕ್ಕೆ ನಕ್ಕೆ?" ಎಂದು ಕೇಳಿದೆ. "ನಗದಿದ್ದರೆ ನನ್ನನ್ನೇ ಹುಡುಗಿ ಅಂತಾರೆ ಸಾರ್." ಆ ಮಾತಿಗೆ ಯಾರೂ ನಗಲಿಲ್ಲ. ಅದಕ್ಕಿಂತ ದೊಡ್ಡದೇನೂ ಅಲ್ಲಿ ನಡೆಯಲಿಲ್ಲ. ಮೆಟ್ಟಿಲಲ್ಲಿ ಒಬ್ಬ ಕೈ ಚಾಚಿದರೆ ಇನ್ನೊಬ್ಬ "ಏ, ಬಿಡು ಮಾರಾಯ" ಎನ್ನುವುದನ್ನು ಕೆಲವು ಸಲ ಕೇಳಿದೆ. ಕೆಲವು ಸಲ ಕೇಳಲಿಲ್ಲ.

ನಾಯಕ ಗಲ್ಫಿಗೆ ಹೋಗಿದ್ದ. ನಾನು ಹೆಡ್‌ಮಾಸ್ಟ್ರಾದ ವರ್ಷ ಊರಿಗೆ ಬಂದು ಶಾಲೆಗೆ ರಂಗಮಂದಿರ ಕಟ್ಟಿಸಿಕೊಟ್ಟ. ಕಪ್ಪು ಕಲ್ಲಿನಲ್ಲಿ ಅವನ ಹೆಸರು. ಉದ್ಘಾಟನೆಯ ದಿನ ಅವನಿಗೆ ಶಾಲು ಹೊದಿಸಿದ್ದು ನಾನು, ಅದು ಹೆಡ್‌ಮಾಸ್ಟ್ರ ಕೆಲಸ. ಅವನು ಮೈಕಿನ ಮುಂದೆ ನಿಂತು, "ಈ ಮಾಸ್ಟ್ರ ಬೆತ್ತದಿಂದ ನಾನು ಮನುಷ್ಯನಾದೆ" ಎಂದ. ಜೋರು ಚಪ್ಪಾಳೆ ಬಿತ್ತು. ಕಾಲು ಮುಟ್ಟಿದ. ನಾನು ತಲೆಯ ಮೇಲೆ ಕೈ ಇಟ್ಟೆ. ಎಲ್ಲರೂ ನೋಡುತ್ತಿದ್ದರು.

ನನ್ನ ಸೇವೆಯ ಕೊನೆಯ ವರ್ಷ, ಆಗಸ್ಟ್ ತಿಂಗಳಲ್ಲಿ, ಎರಡೂವರೆ ಗಂಟೆಗೆ ಒಬ್ಬ ಹೆಂಗಸು ಆಫೀಸಿಗೆ ಬಂದಳು. ಬೆರಳ ತುದಿ ನೋಡಿ ಗುರುತು ಹಿಡಿದೆ. ಗಂಡ ತೀರಿಕೊಂಡಿದ್ದ, ಮಗಳು ಏಳನೆಯ ತರಗತಿ. ಅಂಗನವಾಡಿಯಲ್ಲಿ ಕೆಲಸ ಸಿಗಬಹುದು, ಅದಕ್ಕೆ ಎಸ್‌ಎಸ್‌ಎಲ್‌ಸಿ ಬೇಕು, ಖಾಸಗಿಯಾಗಿ ಪರೀಕ್ಷೆ ಕಟ್ಟಲು ಟೀಸಿಯ ನಕಲು ಬೇಕು. ಹಳೆಯದನ್ನು ಮಾವ ಹರಿದು ಹಾಕಿದ್ದ. ಇಷ್ಟನ್ನು ನಿಂತುಕೊಂಡೇ ಹೇಳಿದಳು. ಕುಳಿತುಕೊಳ್ಳಿ ಎಂದೆ, ಕುಳಿತುಕೊಳ್ಳಲಿಲ್ಲ.

ಗುಮಾಸ್ತ ಹಳೆಯ ದಾಖಲೆ ಪುಸ್ತಕ ತಂದು ಬಿಡಿಸಿದ. ನನ್ನ ದುಂಡಗಿನ ಅಕ್ಷರ ಹಾಗೇ ಇತ್ತು. ತೃಪ್ತಿಕರವಲ್ಲ.

"ಇದ್ದ ಹಾಗೆ ಇಳಿಸಬೇಕಲ್ವಾ ಸಾರ್?" ಎಂದು ಗುಮಾಸ್ತ ಕೇಳಿದ. "ತಿದ್ದಿದರೆ ಕಾರಣ ಬರೆದು ಸಹಿ ಹಾಕಬೇಕು."

"ತಿದ್ದುತ್ತೇನೆ" ಎಂದೆ.

"ಹಾಗಾದರೆ ಕಾರಣ ಬರೀರಿ ಸಾರ್" ಎಂದಳು ಅವಳು. "ಕನ್ನಡದಲ್ಲಿ. ತಪ್ಪಿಲ್ಲದೆ. ದಿನಾಂಕ ಹಾಕಿ."

ಗುಮಾಸ್ತ ತಲೆ ಎತ್ತಿದ, ಮತ್ತೆ ಬಗ್ಗಿಸಿದ. ನಾನು ಪೆನ್ನು ತೆಗೆದೆ. ಹಳೆಯ ಶಬ್ದದ ಮೇಲೆ ಗೆರೆ ಎಳೆದು ಉತ್ತಮ ಎಂದು ಬರೆಯಲು ಅರೆ ನಿಮಿಷ. ಕಾರಣದ ಜಾಗದಲ್ಲಿ ಪೆನ್ನು ನಿಂತಿತು. ಮೂವತ್ತಾರು ವರ್ಷ ಮಕ್ಕಳಿಗೆ ವಾಕ್ಯ ಮಾಡಿ ಹೇಳು ಎಂದವನಿಗೆ ವಾಕ್ಯ ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಹೋಯಿತು. ಕೊನೆಗೆ ಬರೆದೆ: ಈ ವಿದ್ಯಾರ್ಥಿನಿಯ ನಡತೆಯಲ್ಲಿ ಯಾವ ದೋಷವೂ ಇರಲಿಲ್ಲ. ಹಿಂದಿನ ನಮೂದು ನನ್ನಿಂದಾದ ತಪ್ಪು.

ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ. ಬೆರಳಿಟ್ಟು ಓದಿದಳು.

"ಅವನು ಮಾಡಿದ್ದು ಎಲ್ಲುಂಟು?"

"ಅದಕ್ಕೆ ಕಾಲಂ ಇಲ್ಲ" ಎಂದೆ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತು.

ಅವಳು ಕಿಟಕಿಯಿಂದ ಹೊರಗೆ ನೋಡಿದಳು. "ಹೌದು. ಅವನದ್ದು ಕಲ್ಲಿನಲ್ಲಿ ಬರ್ದಿದ್ದೀರಿ."

ಗುಮಾಸ್ತನನ್ನು ಹೊರಗೆ ಕಳಿಸಿದೆ. ಹಾಳೆ ತೆಗೆದುಕೊಂಡೆ. ನನ್ನ ಮನೆಮಾತಿನಲ್ಲೇ, ತುಳುವಿನಲ್ಲೇ, ಆ ದಿನದ್ದನ್ನು ಈಗ ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದೆ. ಶಾಲೆಯ ಗೇಟಿನ ಒಳಗೆ ನಾನು ತುಳು ಆಡಿದ್ದು ಅದೇ ಮೊದಲು.

ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು. "ಆಗ ಹೇಳ್ಲಿಕ್ಕೆ ಬಂದದ್ದು ಸಾರ್. ಈಗ ಟೀಸಿಗೆ ಬಂದದ್ದು."

ನಕಲಿನ ಶಾಯಿ ಒಣಗುವವರೆಗೆ ಕಾದು, ಮಡಚಿ, ಬ್ಯಾಗಿನ ಒಳಗೆ ಹಾಕಿ, ಮೂರೂ ನಲವತ್ತರ ಬಸ್ಸಿಗೆ ಹೋದಳು.

ಮುಂದಿನ ಏಪ್ರಿಲಿನಲ್ಲಿ ಅವಳಿಗೆ ಪರೀಕ್ಷಾ ಕೇಂದ್ರ ನಮ್ಮದೇ ಶಾಲೆ ಬಂತು. ಮೊದಲ ದಿನ ಒಂಬತ್ತೂಕಾಲಕ್ಕೆ ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಮೊದಲ ಗಂಟೆ ಹೊಡೆಯಿತು. ಹದಿನಾರರ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಜೋರಾಗಿ ಪ್ರಶ್ನೆ ಉತ್ತರ ಹೇಳಿಕೊಳ್ಳುತ್ತಾ ನಡುವಿನಲ್ಲೇ ಹತ್ತಿ ಹೋದರು. ಹುಡುಗರು ಬದಿಗೆ ನಿಂತಿದ್ದರು. ನಿಲ್ಲಿ ಎಂದು ನಾನು ಹೇಳಿರಲಿಲ್ಲ.

ಹುಡುಗರೂ ಹತ್ತಿ ಹೋದ ಮೇಲೆ, ಎಲ್ಲರ ಹಿಂದೆ ಅವಳು ಬಂದಳು. ಮೆಟ್ಟಿಲು ಪೂರ್ತಿ ಖಾಲಿ ಇತ್ತು. ಅವಳು ಬ್ಯಾಗನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಳು, ಗೋಡೆಗೆ ಭುಜ ತಾಗಿಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ತಿರುವಿನ ಬಳಿ ನಿಂತು ಮೇಲೆ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಉಳಿದದ್ದನ್ನು ಹತ್ತಿದಳು.